ಟ್ಯಾಂಕರಿನ ಮೂತಿಗೆ ಕಟ್ಟಿದ ಫ್ಲೆಕ್ಸು

ಹಣಮಂತನಿಗೆ ಎರಡು ತಿಂಗಳ ಸಂಬಳ ಇನ್ನೂ ಬರಬೇಕು. ಕೊಡಬೇಕಾದವನು ಜಿಗಣಿ ಕಡೆಯ ಶಶಿಕುಮಾರ್, ನೀರಿನ ಟ್ಯಾಂಕರುಗಳ ಮಾಲೀಕ. ಕೊಡದಿರುವುದಕ್ಕೆ ಅವನು ಹೇಳುವ ಕಾರಣ ಒಂದೇ: ಹಣಮಂತ ಡೀಸೆಲ್ ಕದಿಯುತ್ತಾನೆ.

ಹಣಮಂತ ಕದ್ದಿರಲಿಲ್ಲ. ಬಾಗಲಕೋಟೆ ಸೀಮೆಯಿಂದ ಬಂದವನು, ಊರಿನವರ ಜೊತೆ ಒಂದೇ ತಗಡಿನ ಕೋಣೆಯಲ್ಲಿ ಒತ್ತರಿಸಿಕೊಂಡು ಇದ್ದ. ಜಿಗಣಿಯ ಬೋರ್‌ವೆಲ್ಲಿನಿಂದ ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಿಗೆ ನೀರು ಹೊಡೆಯುವುದು ಅವನ ಕೆಲಸ. ಸೇರಿದ ದಿನವೇ ಮಾಲೀಕ ಅವನ ಡ್ರೈವಿಂಗ್ ಲೈಸೆನ್ಸ್ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಅಲ್ಲಿ ಅದೇ ವಾಡಿಕೆ. ಎತ್ತಿಗೆ ಮೂಗುದಾರ, ಡ್ರೈವರಿಗೆ ಲೈಸೆನ್ಸು. ಮೊಬೈಲಿನಲ್ಲಿರುವ ಫೋಟೋ ಪೊಲೀಸರಿಗೆ ಸಾಕು. ಬೇರೆ ಮಾಲೀಕನ ಬಳಿ ಕೆಲಸ ಕೇಳಿದರೆ ಅವನೂ ಮೊದಲು ಕೇಳುವುದು ಅಸಲನ್ನೇ, ತನ್ನ ಬೀರುವಿಗೆ.

ಶಶಿಕುಮಾರನಿಗೆ ಪಂಚಾಯಿತಿ ಮೆಂಬರಾಗುವ ಹುಚ್ಚು ಹತ್ತಿತು. ಪ್ರತಿ ಟ್ಯಾಂಕರಿನ ಮೂತಿಗೂ ತನ್ನ ಫ್ಲೆಕ್ಸು ಕಟ್ಟಿಸಿದ. ಹೆಗಲ ಮೇಲೆ ಶಾಲು, ಮುಗಿದ ಕೈ, ತಿರುವಿದ ಮೀಸೆ. ಮುಂದಿನ ಜಾಲರಿಯ ಒಂದು ಕಂಡಿಯೂ ಕಾಣದಂತೆ ಬಿಗಿದಿದ್ದರು. ಉಳಿದವು ಹಳೇ ಗಾಡಿಗಳು, ಮೊದಲಿನಿಂದಲೂ ಹೊಗೆ ಕಾರುತ್ತಿದ್ದವು, ಯಾರೂ ಗಮನಿಸಲಿಲ್ಲ. ಹಣಮಂತನದು ಹೊಸ ಟರ್ಬೊ ಗಾಡಿ. ಅದಕ್ಕೆ ದಮ್ಮು ಕಟ್ಟಿತು. ಏರಿನಲ್ಲಿ ಎಳೆಯದು, ಹಿಂದೆ ಕರಿಹೊಗೆ, ಡೀಸೆಲ್ ಮಾತ್ರ ಗಟಗಟ ಖಾಲಿ.

"ಏನ್ಲಾ, ಎಂಜಿನ್ ಕುಡೀತೋ, ನೀನ್ ಮಾರ್ಕಂಡ್ಯೋ?" ಎಂದ ಶಶಿಕುಮಾರ್.

"ಆಣಿ ಮಾಡ್ತೀನ್ರಿ ಸಾವ್ಕಾರ್ರ, ಒಂದ್ ಹನಿ ಮುಟ್ಟಿಲ್ಲ."

"ನಿಮ್ ಕಡೇರ್ ಆಣೆ ನಂಗೊತ್ತಿಲ್ವಾ? ಡೀಸೆಲ್ ಸರಿಹೋಗೋಗಂಟ ಸಂಬ್ಳ ಇಲ್ಲ, ಲೈಸೆನ್ಸೂ ಇಲ್ಲ."

ಒಂದು ಮಧ್ಯಾಹ್ನ ಖಾಲಿ ಟ್ಯಾಂಕರೇ ಏದುಸಿರು ಬಿಡತೊಡಗಿದಾಗ ಅವನು ಅದನ್ನು ಬೊಮ್ಮನಹಳ್ಳಿಯ ಭುವನೇಶ್ವರಿಯ ರೇಡಿಯೇಟರ್ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಆಕೆ ಕೈ ಒರೆಸಿಕೊಂಡು ಗಾಡಿಯ ಮುಂದೆ ಬಂದು ನಿಂತು, ಬಾಯಿ ತುಂಬ ನಕ್ಕಳು.

"ಗಾಡಿಗೆ ಏನೂ ಕಾಯ್ಲೆ ಇಲ್ಲ ಕಣಣ್ಣ. ನಿಮ್ ಓನರ್ರು ಅದರ ಮೂಗಿನ ಮೇಲೆ ಕೂತವ್ರೆ."

"ಹಂಗಂದ್ರ?"

"ರೂಮಲ್ಲಿ ಬೇಸಿಗೇಲಿ ಹೆಂಗ್ ಮಲಗ್ತೀರ?"

"ಕೈಕಾಲು ಚಾಚಿ. ಜಾಗ ಸಾಲೂದಿಲ್ರಿ, ಇಬ್ಬರು ಹೊರಗ ಹೊಕ್ಕಾರ."

"ಚಳೀಲಿ?"

"ಮುದುಡಿಕೊಂಡು. ಎಲ್ಲಾರೂ ಹಿಡಸ್ತೀವಿ."

"ಗಾಳೀನೂ ಅಷ್ಟೇ."

ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ಟರ್ಬೊ ತಿರುಗುತ್ತದೆ, ತಿರುಗಿ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುರುಕುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಕೈಕಾಲು ಚಾಚುತ್ತದೆ, ಅದೇ ಜಾಗದಲ್ಲಿ ಕಡಿಮೆ ಹಿಡಿಯುತ್ತದೆ. ಅದಕ್ಕೇ ಅದನ್ನು ನೇರ ಒಳಗೆ ಬಿಡದೆ ಇಂಟರ್‌ಕೂಲರಿನಲ್ಲಿ ಹಾಯಿಸುತ್ತಾರೆ. ರೇಡಿಯೇಟರಿನ ಮುಂದೆ ನಿಂತ ಕೊಳವೆಗಳ ಚೌಕಟ್ಟು ಅದು, ಮೈತುಂಬ ತೆಳು ತಗಡಿನ ಮಡಿಕೆ. ರಸ್ತೆಯ ಗಾಳಿ ಹೊರಗಿನಿಂದ ಬೀಸಿ ಕೊಳವೆಯೊಳಗಿನ ಗಾಳಿಯನ್ನು ತಣಿಸುತ್ತದೆ. ತಣಿದದ್ದು ಮುದುಡುತ್ತದೆ, ಹೆಚ್ಚು ಹಿಡಿಯುತ್ತದೆ, ಡೀಸೆಲ್ ಪೂರಾ ಉರಿಯುತ್ತದೆ. ಫ್ಲೆಕ್ಸು ಅಡ್ಡ ಬಂದರೆ ರಸ್ತೆಯ ಗಾಳಿ ಬರದು. ಡೀಸೆಲ್ ಅರೆಬೆಂದು ಕರಿಹೊಗೆಯಾಗಿ ಹೋಗುತ್ತದೆ. ಹಣಮಂತ ಕದ್ದ ಡೀಸೆಲ್ಲೆಂದರೆ ಅದೇ.

"ಬಿಚ್ಚಿ ಬಿಸಾಕಿ," ಎಂದಳು ಭುವನೇಶ್ವರಿ.

"ಬಿಚ್ಚಿದ್ರ ಕೆಲಸ ಹೊಕ್ಕೈತಿ ಅಕ್ಕಾ. ಬ್ಯಾರೆ ಗಾಡಿ ಡ್ರೈವರ್ ಒಬ್ಬಾಂವ ಬರೇ ಮಡಚಿದ್ದ, ಕೆಲಸದಿಂದ ಓಡಿಸಿದ್ರು. ಲೈಸೆನ್ಸ್ ಅಂತೂ ಕೊಡಲಿಲ್ಲ."

"ಬಿಚ್ಚದಿದ್ರೆ?"

"ಕಳ್ಳ ಆಗೇ ಇರ್ತೀನಿ."

ಆಕೆ ರಬ್ಬರ್ ಹೋಸು ಕೊಯ್ಯುವ ಚಾಕು ಚಾಚಿದಳು. "ಹಂಗಾದ್ರೆ ಒಂದು ಕಿಟಕಿ ಇಡಿ."

ಹಣಮಂತ ಅಳೆದು ನೋಡಿದ. ಶಾಲಿನ ಹಿಂದೆ ಬಂಪರು, ತಲೆಗೂದಲ ಹಿಂದೆ ತಗಡು. ಇಂಟರ್‌ಕೂಲರು ಇದ್ದದ್ದು ಸರಿಯಾಗಿ ಮುಖದ ಹಿಂದೆ. ಹಣೆಯಿಂದ ಗದ್ದದವರೆಗೆ ಕೊಯ್ದ. ಉಳಿದದ್ದು ಎರಡು ಕಿವಿ, ಶಾಲು, ಮುಗಿದ ಕೈ.

ಗಾಡಿ ಏರಿನಲ್ಲಿ ಎತ್ತಿನಂತೆ ಎಳೆಯಿತು. ಹೊಗೆ ತಿಳಿಯಾಯಿತು, ಡೀಸೆಲ್ ಹಳೆಯ ಅಳತೆಗೆ ಬಂತು. ಬೋರ್‌ವೆಲ್ಲಿನ ಬಳಿ ಉಳಿದ ಡ್ರೈವರುಗಳು ಬಿದ್ದೂ ಬಿದ್ದೂ ನಕ್ಕರು. "ನೋಡ್ರಲೇ, ಸಾವ್ಕಾರ್ರ ತಲ್ಯಾಗ ಜಾಲರಿ ಬಿಟ್ರ ಏನೂ ಇಲ್ಲ!" ನಗು ಶಶಿಕುಮಾರನ ಕಿವಿಗೂ ಮುಟ್ಟಿತು.

"ನನ್ ಮೋರೆ ಕುಯ್ದ್ಯೇನ್ಲಾ?"

"ಡೀಸೆಲ್ ನೋಡ್ರಿ ಸಾವ್ಕಾರ್ರ. ಸರಿ ಆಗೈತಿ. ಈಗರ ಲೈಸೆನ್ಸ್..."

"ಡೀಸೆಲ್ ಮನೆ ಹಾಳಾಗ್ಲಿ! ಊರ್ ಮುಂದೆ ಹೋದ ಮರ್ವಾದೆ ನೀನ್ ತುಂಬ್ತೀಯಾ?"

ಕೊಯ್ದ ಫ್ಲೆಕ್ಸಿನ ಖರ್ಚೂ ಹಣಮಂತನ ತಲೆಗೆ ಬಂತು. ಹೊಸದು ಬಂತು, ಈ ಸಲ ಚಾಕು ಹೋಗದಂತೆ ಹಿಂದೆ ತಗಡು ಹೊಡೆಸಿ. ಅದೇ ಮೀಸೆ, ಅದೇ ಮುಗಿದ ಕೈ. ಹಣಮಂತ ಅದನ್ನೇ ಓಡಿಸುತ್ತಿದ್ದಾನೆ. ಗಾಡಿ ಏದುಸಿರು ಬಿಡುತ್ತದೆ, ಕರಿಹೊಗೆ ಕಾರುತ್ತದೆ, ಅವನು ಮತ್ತೆ ಕಳ್ಳ. ಬಿಟ್ಟು ಹೋಗೋಣವೆಂದರೆ ಬೀರುವಿನ ಬೀಗದ ಕೈ ಶಶಿಕುಮಾರನ ಉಡಿದಾರದಲ್ಲಿದೆ.

ಆ ನೀರಲ್ಲಿ ಸ್ನಾನ ಮಾಡುವವರು ನೀವು. ನಾಳೆ ನಿಮ್ಮ ಗೇಟಿಗೆ ಟ್ಯಾಂಕರ್ ಬರುತ್ತದೆ. ಅದರ ಬೆನ್ನ ಮೇಲೆ ಮಾಲೀಕನ ನಂಬರು ದಪ್ಪಕ್ಷರದಲ್ಲಿರುತ್ತದೆ. ನೀರಿಗೆ ದುಡ್ಡು ಕೊಡುವ ಮೊದಲು ಆ ನಂಬರಿಗೆ ಫೋನ್ ಮಾಡಿ. ಡ್ರೈವರನ ಲೈಸೆನ್ಸು ಡ್ರೈವರನ ಜೇಬಿಗೆ ಬರಲಿ, ಆಮೇಲೆ ದುಡ್ಡು ಅನ್ನಿ.