ಮೆಣಸಿನಕಾಯಿ ರಾಶಿಯಲ್ಲಿ ಬಿದ್ದ ಮೀನು

ಮದುವೆಯಾಗಿ ಬ್ಯಾಡಗಿಗೆ ಬಂದ ಮರುವರ್ಷ, ಎಂಬತ್ತರ ದಶಕದ ಕೊನೆಯಲ್ಲಿ, ಆ ಮೀನು ನಮ್ಮ ಮನೆಗೆ ಬಂತು. ನಮ್ಮ ಯಜಮಾನರು ಲಾರಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಮಂಗಳೂರಿಗೆ ಹೋಗುತ್ತಿದ್ದರು. ಬರುವಾಗ ಬಂದರಿನಿಂದ ಒಂದು ಬುಟ್ಟಿ ಮೀನು, ಮೇಲೆ ಕೆಳಗೆ ಐಸು. ಅವತ್ತೂ ಬೆಳಿಗ್ಗೆ ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿ, ಒಳಗೆ ಹೋಗಿ ಮಲಗಿಬಿಟ್ಟರು.

ಮೀನು ಹಸನು ಮಾಡುವ ಕೆಲಸವನ್ನು ಅತ್ತೆ ನನಗೆ ಬಿಡುತ್ತಿರಲಿಲ್ಲ. ನಾನು ಮೋಟೆಬೆನ್ನೂರಿನವಳು. ನನ್ನ ಹಳ್ಳಿ ಉರ್ದು ಕೇಳಿದರೆ ಅವರಿಗೆ ನಗು, ನನ್ನ ಕೆಲಸ ನೋಡಿದರೆ ಸಿಟ್ಟು. ಬೈಗುಳ ಪೂರ್ತಿ ತಿಳಿಯಲೆಂದು ನನ್ನನ್ನು ಕನ್ನಡದಲ್ಲೇ ಬೈಯುತ್ತಿದ್ದರು.

ಬಂಗಡೆ ಮೀನುಗಳ ಅಡಿಯಲ್ಲಿ ಅದು ಸಿಕ್ಕಿತು. ಮಾಸಿದ ಕೆಂಪು ಮೈ, ಅಲ್ಲಲ್ಲಿ ಕಂದು ಮಚ್ಚೆ, ಪಾಚಿಯಂತೆ ಜೋತುಬಿದ್ದ ಚರ್ಮದ ಎಳೆಗಳು. ತಲೆಯೇ ಅರ್ಧ ಮೈ. ದೊಡ್ಡ ಬಾಯಿ ಮೇಲ್ಮುಖವಾಗಿ ತೆರೆದಿತ್ತು. ಕಣ್ಣುಗಳು ಮಾತ್ರ ಇನ್ನೂ ತಿಳಿಯಾಗಿದ್ದವು. ಅದು ನಮ್ಮನ್ನೇ ನೋಡುತ್ತಿದೆ ಅನ್ನಿಸಿ ನನಗೆ ಒಳಗೊಳಗೇ ಹೆದರಿಕೆಯಾಯಿತು.

“ಇದೇನ್ ಮೀನೋ, ಕಲ್ಲೋ?” ಎಂದು ಅತ್ತೆ ಅದರ ಬೆನ್ನಿಗೆ ಕೈ ಹಾಕಿದರು. ಮರುಕ್ಷಣ ಚೀರಿ ಕೈ ಕೊಡವಿದರು. ಮೀನು ಎತ್ತಲೋ ಹಾರಿತು. ಎಲ್ಲಿ ಬಿತ್ತೆಂದು ಯಾರೂ ನೋಡಲಿಲ್ಲ. ಅತ್ತೆಯ ನಡುಬೆರಳಲ್ಲಿ ರಕ್ತದ ಚುಕ್ಕೆಯಿತ್ತು.

“ಗಾಯಕ್ಕ ಖಾರ ಹತ್ತೈತಿ, ಮತ್ತೇನಿಲ್ಲ,” ಎಂದರು. ನಾನೂ ನಂಬಿದೆ. ಅಂಗಳದಲ್ಲಿ ಮೆಣಸಿನಕಾಯಿ ರಾಶಿ ಬಿದ್ದಿತ್ತು. ಹಿಂದಿನ ದಿನವೆಲ್ಲ ಇಬ್ಬರೂ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿದಿದ್ದೆವು. ನಮ್ಮೂರಿನಲ್ಲಿ ಹೆಂಗಸರ ಬೆರಳು ಉರಿದರೆ ಬೇರೆ ಕಾರಣ ಹುಡುಕುವವರು ಯಾರು? ಮಜ್ಜಿಗೆ, ಎಣ್ಣೆ, ತಣ್ಣೀರು, ಇಷ್ಟೇ ಮದ್ದು. ಅವತ್ತು ಐಸೇ ಇತ್ತಲ್ಲ, ಕೈಯನ್ನು ಅದರಲ್ಲೇ ಹೂತಿಟ್ಟೆವು.

ಐಸು ಇಟ್ಟಷ್ಟೂ ನೋವು ಏರಿತು. ಮಣಿಕಟ್ಟು, ಮೊಣಕೈ, ಆಮೇಲೆ ಕಂಕುಳು. ಹೆರಿಗೆಯಲ್ಲೂ ಕೂಗಲಿಲ್ಲವೆಂದು ಜಂಬ ಕೊಚ್ಚುತ್ತಿದ್ದ ಅತ್ತೆ ಗೋಡೆಗೆ ತಲೆಯಿಟ್ಟು ಗೋಳಾಡಿದರು. ಕೈ ಊದಿ ಮಿರಮಿರ ಮಿಂಚುತ್ತಿತ್ತು. ನಾನು ಓಡಿಹೋಗಿ ಯಜಮಾನರನ್ನು ಎಬ್ಬಿಸಿದೆ.

“ಬೆನ್ನ ಮ್ಯಾಲ ಮುಳ್ಳಿದ್ವೇನು? ಐಸ್ ತಗೀ, ಲಗೂ ನೀರ ಕಾಸು!” ಎಂದು ಅವರು ಕೂಗಿದರು. ಬಂದರಿನಲ್ಲಿ ಹೀಗೆ ಚುಚ್ಚಿಸಿಕೊಂಡವರ ಕೈಯನ್ನು ಬಿಸಿನೀರಿನಲ್ಲಿ ಇಡಿಸುವುದನ್ನು ಕಂಡಿದ್ದರಂತೆ. ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕೈಯಿಟ್ಟ ಮೇಲೆ ಅತ್ತೆಯ ನರಳಾಟ ಮೆಲ್ಲಗೆ ಇಳಿಯಿತು.

“ಅದು ಈಜೂದು ಕಮ್ಮಿ. ಸಮುದ್ರದ ತಳದಾಗ ಕಲ್ಲಿನ ಸಂದ್ಯಾಗ ಕಲ್ಲಿನಂಗ ಕುಂತಿರತೈತಿ. ಸಣ್ಣ ಮೀನು ಬಾಯಿ ಮುಂದ ಬಂದ್ರ ನುಂಗತೈತಿ. ಸತ್ರೂ ಮುಳ್ಳಿನ್ಯಾಗ ವಿಷ ಇರತೈತಿ,” ಎಂದರು ಯಜಮಾನರು. ಮೀನು ಎಲ್ಲೂ ಕಾಣಲಿಲ್ಲ, ಯಾವುದೋ ಬೆಕ್ಕು ಒಯ್ದಿರಬೇಕೆಂದು ನಾನು ಅಂದುಕೊಂಡೆ.

ಹಾವೇರಿಯ ದವಾಖಾನೆಗೆ ಹೋಗಲು ಅವರು ಲಾರಿ ತೆಗೆಯಲು ಹೊರಟರು. ಅತ್ತೆ ಹೊಸ್ತಿಲ ಬಳಿ ಬೋಗುಣಿಯಲ್ಲಿ ಕೈಯಿಟ್ಟು ಕುಳಿತಿದ್ದರು. ಸುಮ್ಮನೆ ನಿಲ್ಲಲಾರದೆ ನಾನು ರಾಶಿಯ ಮುಂದೆ ಕುಳಿತು, ಒಂದು ಬೊಗಸೆ ಕಾಯಿ ಎಳೆದುಕೊಳ್ಳಲು ಕೈ ತೂರಿಸಿದೆ.

“ಕೈ ಅಲ್ಲಾಡಿಸಬ್ಯಾಡ.”

ಅತ್ತೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ರಾಶಿಯಲ್ಲಿ ಒಂದೇ ಒಂದು ಕೆಟ್ಟ ಕಾಯಿಯಿದ್ದರೂ ದೂರದಿಂದ ಹಿಡಿಯುವ ಕಣ್ಣು ಅವರದು. ಅವರು ನೋಡಿದತ್ತ ನೋಡಿದೆ. ನನ್ನ ಮಣಿಕಟ್ಟಿನ ಪಕ್ಕದಲ್ಲೇ, ಸುಕ್ಕುಗಟ್ಟಿದ ಕೆಂಪು ಕಾಯಿಗಳ ನಡುವೆ, ತಿಳಿಯಾದ ಒಂದು ಕಣ್ಣು. ಮೈ ಎಲ್ಲಿ ಮುಗಿಯುತ್ತದೆ, ಕಾಯಿ ಎಲ್ಲಿ ಶುರುವಾಗುತ್ತದೆ, ಒಂದೂ ತಿಳಿಯುವಂತಿರಲಿಲ್ಲ. ಕಿವಿರು ಒಮ್ಮೆ ಎದ್ದಂತೆ ಕಂಡಿತು. ಮುಳ್ಳುಗಳು ನನ್ನ ಚರ್ಮಕ್ಕೆ ತಾಗುತ್ತಿದ್ದವು. ಎಳೆದುಕೊಂಡರೆ ಚುಚ್ಚುವಂತಿತ್ತು, ಕೈಯನ್ನು ಅಲ್ಲೇ ಇಟ್ಟು ಯಜಮಾನರನ್ನು ಕೂಗಿದೆ.

ಲಾರಿ ಬಿಟ್ಟು ಬಂದು ನೋಡಿದವರೇ ಅವರು ಇಕ್ಕಳ ತರಲು ಒಳಗೆ ಓಡಿದರು. ಅತ್ತೆ ಕಾಯಲಿಲ್ಲ. ಎದ್ದು ಬಂದು, ಊದಿದ ಆ ಕೈಯನ್ನೇ ನನ್ನ ಮಣಿಕಟ್ಟಿಗೂ ಮುಳ್ಳುಗಳಿಗೂ ನಡುವೆ ತೂರಿಸಿದರು.

“ಇದು ಹೆಂಗಿದ್ರೂ ಕೆಟ್ಟ ಕೈ. ನೀ ತಗೀ.”

ನಾನು ಕೈ ತೆಗೆದೆ. ಅವರ ಕೈ ಅಲ್ಲೇ ಇತ್ತು.