ಹಿಂದಿನ ಸೀಟಿಲ್ಲದ ಮೋಟಾರ್ ಸೈಕಲ್ಲು

ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಗುಟ್ಟಾಗಿ ಬೆಲೆ ಕುದುರಿಸಿ ಎತ್ತಿನ ವ್ಯಾಪಾರ ಮಾಡುವವರನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎತ್ತಿನ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ಮಾವನವರು ಅದೇ ರೀತಿಯಲ್ಲಿ ಒಂದು ಮೋಟಾರ್ ಸೈಕಲ್ಲು ಕೊಂಡರು, ಅದಕ್ಕೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಮ್ಮ ಮನೆ ಶಿವಮೊಗ್ಗದಲ್ಲಿ, ನಮ್ಮವರ ಕೆಲಸ ಭದ್ರಾವತಿಯ ಕಾರ್ಖಾನೆಯಲ್ಲಿ. ಅವರ ಪಾಳಿಗೂ ರೈಲಿನ ಹೊತ್ತಿಗೂ ಹೊಂದುತ್ತಿರಲಿಲ್ಲ. ಹಾಗಾಗಿ ಹಳೆಯದೊಂದು ಮೋಟಾರ್ ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ವಾರದಲ್ಲಿ ಆರು ದಿನ ಅದು ಕಾರ್ಖಾನೆಯದು, ಭಾನುವಾರ ನನ್ನದು. ಹನ್ನೊಂದು ಜನರಿಗೆ ಬೇಯಿಸಿ ಹಾಕುತ್ತಿದ್ದ ಆ ಮನೆಯಲ್ಲಿ ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಕೂಡ್ಲಿಯಲ್ಲಿ ದೇವರ ದರ್ಶನ ಅನ್ನುವುದು ನೆಪ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಊರು ಮುಗಿಯುವವರೆಗೆ ತಲೆ ತಗ್ಗಿಸಿಕೊಂಡು, ಹೊಳೆಯ ಸೇತುವೆ ದಾಟುತ್ತಲೇ ತಲೆ ಎತ್ತಿ, ಗಾಡಿಯ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ ಎಂಬ ಧೈರ್ಯದ ಮೇಲೆ ಜೋರಾಗಿ ಹಾಡುತ್ತಿದ್ದೆ. ಅವರಿಗೆ ಕೇಳುತ್ತಿತ್ತು. ಕೂಡ್ಲಿಯಲ್ಲಿ ಇಳಿದ ಮೇಲೆ, "ಎರಡನೇ ಸಾಲು ತಪ್ಪು ಹೇಳಿದೆ" ಎಂದು ಕೆಣಕುತ್ತಿದ್ದರು.

ಆ ಹಳೆಯ ಗಾಡಿ ಒಂದು ದಿನ ದಾರಿಯಲ್ಲೇ ನಿಂತಿತು. ಇನ್ನು ಇದರ ಆಸೆ ಬಿಡಿ ಅಂದ ರಿಪೇರಿಯವನು. ಆಗ ಮಿಲಿಟರಿಯವರು ಬಿಟ್ಟುಹೋದ ಗಾಡಿಗಳು ಹರಾಜಾಗಿ ಊರೂರಿಗೆ ಬರುತ್ತಿದ್ದವು. ಮಾವನವರಿಗೆ ಎತ್ತು ಕೊಡಿಸುತ್ತಿದ್ದ ದಲ್ಲಾಳಿಯೇ ಈ ವ್ಯಾಪಾರಕ್ಕೂ ಕೈಹಾಕಿದ್ದ.

"ನಾಳೆ ಎರಡು ಗಾಡಿ ತರ್ತಾನಂತೆ," ಅಂದರು ನಮ್ಮವರು.

"ಯಾವುದಾದ್ರೂ ತಗೊಳ್ಳಿ, ಹಿಂದೆ ಸೀಟ್ ಇರ್ಬೇಕು," ಅಂದೆ.

"ಅದನ್ನೂ ನೀನು ಹೇಳ್ಬೇಕಾ ಮಾರಾಯ್ತಿ?" ಅಂದರು. ನಂಬಿದೆ.

ಮರುದಿನ ಗಾಡಿಗಳು ಅಂಗಳಕ್ಕೆ ಬಂದವು. ಒಂದು ಕಪ್ಪಗಿತ್ತು, ಹಿಂದೆ ಅಗಲವಾದ ಸೀಟು. ಇನ್ನೊಂದಕ್ಕೆ ಮಿಲಿಟರಿ ಹಸಿರು ಬಣ್ಣ, ಸೀಟಿರಬೇಕಾದ ಜಾಗದಲ್ಲಿ ಎರಡು ಕಬ್ಬಿಣದ ಡಬ್ಬ ಬೆಸೆದಿದ್ದರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಮಾವನವರು ಎರಡಕ್ಕೂ ಸುತ್ತು ಬಂದರು, ಟೈರು ಒತ್ತಿದರು, ಎತ್ತಿನ ಮೈಮೇಲೆ ಸುಳಿ ಹುಡುಕುವವರ ಹಾಗೆ ಬಗ್ಗಿ ಬಗ್ಗಿ ನೋಡಿದರು. ಡಬ್ಬ ತಟ್ಟಿ, "ಇದು ಭಾರ ಹೊರತ್ತೆ" ಅಂದರು. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದ.

ಆ ವ್ಯಾಪಾರಕ್ಕೊಂದು ಕಟ್ಟಳೆಯುಂಟು. ಕೈ ಟವೆಲ್ಲಿನ ಕೆಳಗೆ ಹೋದಮೇಲೆ ಮೂರನೆಯವರು ಬಾಯಿ ಹಾಕುವ ಹಾಗಿಲ್ಲ, ಬೆರಳಲ್ಲಿ ಒಪ್ಪಿದ್ದನ್ನು ಮುರಿಯುವ ಹಾಗಿಲ್ಲ. ಹೇಳುವುದೇನಿದ್ದರೂ ಮುಂಚೆ. ಮಾವನವರಿಗೆ ಇದು ಗೊತ್ತಿತ್ತು, ಅದಕ್ಕೇ ಕೈ ಚಾಚುವ ಮೊದಲು ಮಗನ ಕಡೆ ತಿರುಗಿದರು.

"ಏನೋ, ಓಡಿಸೋನು ನೀನು. ಹೇಳೋದೇನಾದ್ರೂ ಇದ್ಯಾ?"

ನಾನು ಚೊಂಬಿನಿಂದ ಕಿಟಕಿಯ ಸರಳಿಗೆ ಬಡಿದೆ. ನಮ್ಮವರು ತಿರುಗಿದರು. ನನ್ನನ್ನು ಕಂಡರು. ಕಪ್ಪು ಗಾಡಿಯ ಕಡೆ ನಾನು ತೋರಿಸಿದ ಬೆರಳನ್ನೂ ಕಂಡರು.

"ಇಲ್ಲಪ್ಪ, ನಿಮಗೆ ಸರಿ ಕಂಡಿದ್ದು," ಅಂದರು, ಕೋಲೆಬಸವನ ಹಾಗೆ ತಲೆಯಾಡಿಸುತ್ತ.

ಕೈಗಳು ಟವೆಲ್ಲಿನ ಕೆಳಗೆ ಹೋದವು. ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಹಸಿರು ಗಾಡಿ ನಮ್ಮದಾಯಿತು. ಮಾವನವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರು ಕೇಳಿದ್ದರು. ಕೇಳಿದಾಗಲೂ ಸೀಟಿನ ಮಾತೆತ್ತದ ಗಂಡನನ್ನು ಏನು ಮಾಡಬೇಕು?

"ಹೇಳೋಕೆ ಬಾಯಿರಲಿಲ್ವಾ ನಿಮಗೆ?" ಅಂತ ಒಳಗೆ ಬಂದವರನ್ನು ಕೇಳಿದೆ.

"ಅಪ್ಪನ ಎದುರಿಗೆ, ದಲ್ಲಾಳಿ ಎದುರಿಗೆ, ಹೆಂಡ್ತಿ ಕೂರೋ ಸೀಟಿನ ಮಾತು ಹೆಂಗೆ ಎತ್ತೋದು? ಸ್ವಲ್ಪ ದಿನ ತಡಿ. ಡಬ್ಬ ತೆಗೆಸಿ ಸೀಟ್ ಹಾಕಿಸ್ತೀನಿ."

"ಕೂರಿಸ್ಕೊಂಡು ಹೋಗೋಕೆ ನಾಚಿಕೆ ಇಲ್ಲ, ಹೇಳೋಕೆ ನಾಚಿಕೆ!"

ಡಬ್ಬ ಎಲ್ಲಿ ತೆಗೆಸುತ್ತಾರೆ? ಎರಡೇ ದಿನದಲ್ಲಿ ಮಾವನವರು ಭದ್ರಾವತಿಯಿಂದ ಅದರ ತುಂಬ ಮೊಳೆ, ಸಲಾಕೆ, ಬಾಗಿಲ ಚಿಲಕ ತರಿಸಿಕೊಂಡು, "ಎಂಥ ಅನುಕೂಲ ನೋಡು" ಎಂದು ಕಂಡಕಂಡವರಿಗೆ ತೋರಿಸುತ್ತಿದ್ದರು. ಮಗ ಪಕ್ಕದಲ್ಲಿ ನಿಂತು ಹೌದು ಹೌದು ಅನ್ನುತ್ತಿದ್ದರು. ಆ ವಾರವಿಡೀ ನಾನು ಅವರಿಗೆ ಬಡಿಸಿದೆ, ಮಾತಾಡಲಿಲ್ಲ.

ಭಾನುವಾರ ಬಂತು. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ನಾನೂ ಎಲ್ಲಿಗೂ ಹೋಗಲ್ಲ ಬಿಡು" ಅಂದರು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನನ್ನ ನಾಲಿಗೆ ಎಲ್ಲಿ ಕೇಳುತ್ತದೆ? "ಯಾಕೆ, ನಿಮ್ಮ ಸೀಟ್ ಇದೆಯಲ್ಲ. ಹೋಗಿ," ಅಂದೆ.

"ನಿಜವಾಗ್ಲೂ?"

"ಹೋಗಿ ಅಂದ್ನಲ್ಲ!"

ಬೆನ್ನು ತಿರುಗಿಸಿ ಕಾಯಿ ತುರಿಯಲು ಕೂತೆ. ಒಳಗೆ ಬರುತ್ತಾರೆ, ತಪ್ಪಾಯಿತು ಅನ್ನುತ್ತಾರೆ, ನಾಳೆಯೇ ಅಪ್ಪನಿಗೆ ಹೇಳುತ್ತೇನೆ ಅನ್ನುತ್ತಾರೆ ಎಂದು ಕಾದೆ. ಅಂಗಳದಲ್ಲಿ ಗಾಡಿಗೆ ಕಿಕ್ ಹೊಡೆದ ಸದ್ದಾಯಿತು. ಸದ್ದು ಬೀದಿ ತಿರುಗಿತು. ಸೇತುವೆಯ ಕಡೆಗೆ ದೂರವಾಗುತ್ತ ಹೋಯಿತು.

ಹೋಗಿ ಅಂದದ್ದು ನಾನೇ. ಆದರೂ, ಹೋಗೇಬಿಟ್ಟರು.