ಸೂಪರ್‌ಹೀರೋಗಳಿಗೆ ಕುಂಕುಮ

ಹೋದ ಮಂಗಳವಾರ ಸಂಜೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಮಾಳಮಡ್ಡಿಯ ನಮ್ಮ ಮನೆಯ ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಮಗಳು ಸ್ನೇಹಾ ಓಡಿ ಬಂದಳು. ಅತ್ತು ಅತ್ತು ಕಣ್ಣು ಕೆಂಪಗಾಗಿದ್ದವು. ಮೂಗು ಅದಕ್ಕಿಂತ ಕೆಂಪು.

"ಅವ್ವಾ, ಅಜ್ಜಿ ನನ್ನ ಸೂಪರ್‌ಹೀರೋಗಳಿಗೆಲ್ಲ ಕುಂಕುಮ ಹಚ್ಯಾಳ."

ಇಂಥ ಮಾತನ್ನು ನೀವು ಜನ್ಮದಲ್ಲಿ ಕೇಳಿದ್ದೀರಾ? ನಾನಂತೂ ಕೇಳಿರಲಿಲ್ಲ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಹಾಗೇ ನಿಂತೆ.

ನಿಮಗೆ ಸ್ವಲ್ಪ ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ನೀವೂ ಹೀಗೇ ನಿಂತುಬಿಡುತ್ತೀರಿ.

ಸ್ನೇಹಾ ಬಿ.ಎಸ್ಸಿ. ಓದುತ್ತಾಳೆ. (ಓದುತ್ತಾಳೆ ಎಂದು ನಾನು ನಂಬಿದ್ದೇನೆ.) ಕಾಲೇಜು ಬಿಟ್ಟ ಮೇಲೆ ಸೈಬರ್ ಕೆಫೆಗೆ ಹೋಗಿ ಸೂಪರ್‌ಹೀರೋಗಳ ರೋಲ್‌ಪ್ಲೇ ಆಡುತ್ತಾಳೆ. ಆಟ ಅನ್ನುತ್ತಾರೆ, ಆದರೆ ಚೆಂಡಿಲ್ಲ, ಪಗಡೆಯಿಲ್ಲ, ಗೆದ್ದವರಿಲ್ಲ, ಸೋತವರಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ವೆಬ್‌ಸೈಟು, ಅಲ್ಲಿಗೆ ದೇಶದೇಶದ ಮಂದಿ ಬರುತ್ತಾರೆ. ಒಬ್ಬೊಬ್ಬರೂ ಒಂದೊಂದು ಸೂಪರ್‌ಹೀರೋ ಪಾತ್ರ ಕಟ್ಟಿಕೊಂಡು, ಆ ಪಾತ್ರವೇ ತಾವಾಗಿ ಮಾತು ಬರೆಯುತ್ತಾರೆ. ಒಬ್ಬ ‘ನಾನು ಸೇತುವೆ ಎತ್ತಿ ಹಿಡಿದೆ’ ಎಂದು ಬರೆದರೆ, ಇನ್ನೊಬ್ಬ ‘ನಾನು ಅದರ ಕೆಳಗೆ ಬಾಂಬ್ ಇಟ್ಟೆ’ ಎಂದು ಬರೆಯುತ್ತಾನೆ. ಹೀಗೆ ಕಥೆ ಓಡುತ್ತದೆ. ನಮ್ಮ ಹಳ್ಳಿಗಳಲ್ಲಿ ಬಯಲಾಟದವರು ಬಣ್ಣ ಹಚ್ಚಿಕೊಂಡು ಮಾಡುವುದನ್ನೇ ಇವರು ಕೀಬೋರ್ಡಿನ ಮುಂದೆ ಕೂತು ಮಾಡುತ್ತಾರೆ, ಅಷ್ಟೇ.

ನನ್ನ ಮಗಳಿಗೆ ಬರೆಯುವುದಕ್ಕಿಂತ ಚಿತ್ರ ಬಿಡಿಸುವುದು ಇಷ್ಟ. ಯಾರದಾದರೂ ಪಾತ್ರ ಮನಸ್ಸಿಗೆ ಹಿಡಿಸಿತೋ, ಅದರ ಚಿತ್ರ ಬಿಡಿಸಿ, ಕೆಫೆಯಲ್ಲಿ ಸ್ಕ್ಯಾನ್ ಮಾಡಿಸಿ, ವೆಬ್‌ಸೈಟಿಗೆ ಹಾಕುತ್ತಾಳೆ. ಇದಕ್ಕೆ ಫ್ಯಾನ್ ಆರ್ಟ್ ಅನ್ನುತ್ತಾರಂತೆ. ನಾರ್ವೆಯ ಯಾವನೋ ತನ್ನ ಹೀರೋನ ಚಿತ್ರ ನೋಡಿ ‘ಅತ್ತುಬಿಟ್ಟೆ’ ಎಂದು ಬರೆದಿದ್ದ. ನಮ್ಮ ಮನೆಯಲ್ಲಿ ಆವತ್ತು ಹಬ್ಬ.

ಈ ಕಥೆಯನ್ನೆಲ್ಲ ನಡೆಸುವ ಯಜಮಾನ ಕೆನಡಾದಲ್ಲಿದ್ದಾನೆ. ಆತ ಈ ಸಲ ನನ್ನ ಮಗಳಿಗೆ ಒಂದು ದೊಡ್ಡ ಜವಾಬ್ದಾರಿ ಕೊಟ್ಟಿದ್ದ. ಇಂಡಿಯಾದಿಂದ ಐದು ಹೆಣ್ಣು ಸೂಪರ್‌ಹೀರೋಗಳ ತಂಡವೊಂದು ಕಥೆಯೊಳಗೆ ಬರಬೇಕು. ಅವರ ವೇಷ, ಮುಖ, ಶಕ್ತಿ ಎಲ್ಲ ನೀನೇ ಡಿಸೈನ್ ಮಾಡು. ಮಂಗಳವಾರದೊಳಗೆ ಬರಲಿಲ್ಲವೋ, ಬ್ರೆಜಿಲಿನ ಹುಡುಗನೊಬ್ಬನ ತಂಡ ಆ ಜಾಗಕ್ಕೆ ಬರುತ್ತದೆ.

ಮಗಳು ಊಟ ನಿದ್ದೆ ಬಿಟ್ಟಳು. ಐದೂ ಮುಗಿಸಿದಳು. ಮಂಗಳವಾರ ಬೆಳಿಗ್ಗೆ ಬಣ್ಣ ಆರಲಿ ಎಂದು ಆ ಹಾಳೆಗಳನ್ನು ಪಡಸಾಲೆಯ ಗೋಡೆಗೆ ಸಾಲಾಗಿ ಆನಿಸಿಟ್ಟು ಕಾಲೇಜಿಗೆ ಹೋದಳು. ಮಾವ ಹೊಲದ ಕೆಲಸಕ್ಕೆಂದು ಶಿರಗುಪ್ಪಿಗೆ ಹೋಗಿದ್ದರು. ಮನೆಯಲ್ಲಿ ಉಳಿದವರು ನಮ್ಮತ್ತೆ ಒಬ್ಬರೇ.

ಮಂಗಳವಾರ ಅಂದರೆ ನಮ್ಮತ್ತೆ ದೇವರ ಫೋಟೋಗಳನ್ನೆಲ್ಲ ಒರೆಸಿ, ಒಂದೊಂದಕ್ಕೂ ಕುಂಕುಮ ಹಚ್ಚುವ ದಿನ. ಅದು ಮುಗಿಸಿ ಕುಂಕುಮದ ಕರಡಿಗೆ ಹಿಡಿದುಕೊಂಡೇ ಪಡಸಾಲೆಗೆ ಬಂದಿದ್ದಾರೆ. ಗೋಡೆಗೆ ಸಾಲಾಗಿ ಐದು ಹೆಣ್ಣುಮಕ್ಕಳು. ಹಣೆ ಖಾಲಿ. ಇನ್ನು ಕೇಳಬೇಕೆ?

ಬರೀ ಕುಂಕುಮ ಆಗಿದ್ದರೆ ಊದಿ ಝಾಡಿಸಬಹುದಿತ್ತು. ನಮ್ಮತ್ತೆ ಅರೆಬರೆ ಕೆಲಸದವರಲ್ಲ. ದಿನಾ ತಾವು ಹಚ್ಚಿಕೊಳ್ಳುವ ಹಾಗೆಯೇ, ಮೊದಲು ಬೆರಳಿನಿಂದ ಮೇಣ ಸವರಿ, ಅದರ ಮೇಲೆ ಕುಂಕುಮ ಒತ್ತಿದ್ದರು. ಗಾಳಿಗೂ ಉದುರಬಾರದು, ಬೆವರಿಗೂ ಹೋಗಬಾರದು. ಮೇಣ ಹಾಳೆಯ ಹಿಂದಕ್ಕೂ ಇಳಿದಿತ್ತು.

ನಾನು ಒಳಗೆ ಹೋಗುವ ಹೊತ್ತಿಗೆ ವಿಚಾರಣೆ ನಡೆದೇ ಇತ್ತು.

"ಅಲ್ಲವಾ, ಜಗತ್ತು ಉಳಸಾಕ ಹೊಂಟ ಹೆಣ್ಮಕ್ಕಳು ಅಂತ ನೀನ ಹೇಳಿದ್ದಿ," ಅತ್ತೆ ಮೊಮ್ಮಗಳಿಗೆ ಹೇಳುತ್ತಿದ್ದರು. "ಅಂಥಾ ಕೆಲಸಕ್ಕ ಬರೀ ಹಣೀಲೆ ಕಳಸೂದೇನು? ತಟಗ ಕುಂಕುಮ ಹಚ್ಚಿದ್ರ ಏನ ಕಳಕೋತಾರ?"

"ಅಜ್ಜಿ, ಇದು ರೋಬೋಟ್. ರೋಬೋಟಿಗೆ ಯಾರರ ಕುಂಕುಮ ಹಚ್ತಾರೇನು?"

"ಹೆಣ್ಣ ರೋಬೋಟ ಹೌದಲ್ಲೊ?"

ನನಗೆ ನಗು ತಡೆಯಲಾಗಲಿಲ್ಲ. ಮಗಳ ಕಣ್ಣೀರು ಕಂಡೂ ನಕ್ಕೆ. ಆ ಐವರಲ್ಲಿ ಒಬ್ಬಳು ಹೋದ ಕರೆಂಟು ತರುವವಳು. ತಂತಿ ಮುಟ್ಟಿದರೆ ಊರಿಗೆ ಊರೇ ಬೆಳಗುತ್ತದೆ. (ಲೋಡ್ ಶೆಡ್ಡಿಂಗಿನಲ್ಲಿ ಬೆಳೆದ ಹುಡುಗಿ ಇನ್ನೆಂಥ ಶಕ್ತಿ ಕೇಳಿಯಾಳು?) ಕಬ್ಬಿಣದ ಬೂಟು ಹಾಕಿದ ಅವಳ ಹಣೆಯಲ್ಲಿ ದುಂಡಗೆ ಕುಂಕುಮ. ಇನ್ನೊಬ್ಬಳು ನೆರೆಯ ನೀರು ಕುಡಿದು ಬರಗಾಲದ ಊರಿಗೆ ಉಗುಳುವವಳು. ಅವಳಿಗೂ ಕುಂಕುಮ. ಮೂರನೆಯವಳು ಗೋಡೆಯೊಳಗಿಂದ ದಾಟಿ ಹೋಗುವವಳು, ಮುಖ ಪೂರ್ತಿ ಮುಚ್ಚುವ ಮುಖವಾಡ. ಅತ್ತೆ ಹಣೆ ಎಲ್ಲಿರಬಹುದು ಎಂದು ಅಂದಾಜು ಮಾಡಿ ಮುಖವಾಡದ ಮೇಲೇ ಹಚ್ಚಿದ್ದರು. ನಾಲ್ಕನೆಯದು ರೋಬೋಟ್, ಅದರ ವಿಷಯ ಈಗಷ್ಟೇ ಕೇಳಿದಿರಿ.

ಈ ವಾರದ ಅಂಕಣಕ್ಕೆ ಸರಕು ಸಿಕ್ಕಿತು ಎಂದುಕೊಂಡೆ ನೋಡಿ. ಮನಸ್ಸಿನಲ್ಲೇ ಅರ್ಧ ಬರೆದೂ ಬಿಟ್ಟೆ. ನಮ್ಮತ್ತೆಯನ್ನು ನೀವೆಲ್ಲ ಬಲ್ಲಿರಿ. ಮಗಳು ಪ್ರೈಮರಿಯಲ್ಲಿದ್ದಾಗಲೇ ಅವಳಪ್ಪ ಹೋದರು. ನೆಂಟರು ಮೂಗು ಮುರಿಯುತ್ತಿರುವಾಗ "ಕೂಸಿನ್ನ ನಾ ನೋಡ್ಕೋತೇನಿ, ನೀ ನೌಕರಿ ಹಿಡಿ" ಎಂದು ನನ್ನನ್ನು ಮನೆಯಿಂದ ಹೊರಗೆ ಕಳಿಸಿದವರು ಇವರು. ಇಂಥ ಮಾಡರ್ನ್ ಅತ್ತೆ ಈ ಧಾರವಾಡದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಇದೇ ಜಾಗದಲ್ಲಿ ಎಷ್ಟು ಸಲ ಕೊಚ್ಚಿಕೊಂಡಿಲ್ಲ?

ಆಮೇಲೆ ಐದನೆಯ ಹಾಳೆ ಕಂಡಿತು. ಅದರ ಹಣೆ ಸ್ವಚ್ಛವಾಗಿತ್ತು. ಮೇಣವಿಲ್ಲ, ಕುಂಕುಮವಿಲ್ಲ.

"ನೋಡು, ಇದೊಂದು ಉಳದೈತಿ," ಎಂದೆ ಮಗಳಿಗೆ, ಸಮಾಧಾನ ಮಾಡುವ ದನಿಯಲ್ಲಿ. "ಇದನ್ನರ ಲಗೂ ಸ್ಕ್ಯಾನ್ ಮಾಡಸು." ಅಷ್ಟಕ್ಕೆ ಸುಮ್ಮನಿರಬಾರದೆ? ಅತ್ತೆಯ ಕಡೆ ತಿರುಗಿ ಚೇಷ್ಟೆ ಮಾಡಿದೆ: "ಅತ್ತಿಯವರ, ಇಕಿ ಏನ್ ಪಾಪಾ ಮಾಡಿದ್ದಳ್ರಿ? ಇಕಿಗೊಬ್ಬಾಕಿಗೆ ಯಾಕ ಬಿಟ್ರಿ?"

ಅತ್ತೆ ಹಾಳೆಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕರಡಿಗೆಯ ಮುಚ್ಚಳ ಹಾಕಲು ಹೋದರು, ಅದು ಕೂಡಲೊಲ್ಲದು.

ಮಗಳ ಅಳು ನಿಂತಿತ್ತು. ಅವಳೂ ಈಗಷ್ಟೇ ಗಮನಿಸಿದ್ದಳು ಅಂತ ಕಾಣುತ್ತದೆ.

"ಅವ್ವಾ," ಅಂದಳು ಮೆಲ್ಲಗೆ. "ಅದು ನೀನು."

ನಾನು ಮತ್ತೆ ನೋಡಿದೆ. ಸೀರೆ ಉಟ್ಟವಳು. ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿದ್ದಾಳೆ, ಓಡಲು ಅನುಕೂಲವಾಗಲೆಂದು. ಎಡ ಹೆಗಲಿಗೆ ಬ್ಯಾಗು. ದಪ್ಪ ಫ್ರೇಮಿನ ಕನ್ನಡಕ. ಬಲಗೈ ಮೇಲಕ್ಕೆತ್ತಿದ್ದಾಳೆ. ಕೆಳಗೆ ಅವಳ ಶಕ್ತಿ ಏನೆಂದು ಬರೆದಿತ್ತು: ಇವಳು ಕೈ ಎತ್ತಿದರೆ ಓಡುವುದೆಲ್ಲ ನಿಲ್ಲುತ್ತದೆ. ಗುಂಡು, ಪ್ರವಾಹ, ರೈಲು.

ದಿನಾ ಬೆಳಿಗ್ಗೆ ನಾನು ಸ್ಟಾಪಿನಲ್ಲಿ ಕೈ ಎತ್ತಿ ಎತ್ತಿ ಬಸ್ಸು ನಿಲ್ಲಿಸಲು ಒದ್ದಾಡುವುದನ್ನು ಮಗಳು ನೋಡುತ್ತಾಳೆ. (ನಿಲ್ಲಿಸದೆ ರಾಯಾಪುರದ ಕಡೆ ಹೊಗೆ ಬಿಟ್ಟುಕೊಂಡು ಹೋಗುವ ಬಸ್ಸುಗಳನ್ನೂ ನೋಡುತ್ತಾಳೆ.) ಅವಳು ಬಿಡಿಸಿದ ಚಿತ್ರದಲ್ಲಿ ನನ್ನನ್ನು ನಾನು ಗುರುತಿಸಲಿಲ್ಲ. ಅತ್ತೆ ಗುರುತಿಸಿದರು, ನೋಡಿದ ತಕ್ಷಣ. ಗುರುತಿಸಿದ್ದಕ್ಕೇ ಕುಂಕುಮ ಹಚ್ಚಲಿಲ್ಲ.

ಯಾರೋ ಕಪಾಳಕ್ಕೆ ಹೊಡೆದಂತೆ ಮುಖವೆಲ್ಲ ಬಿಸಿಯಾಯಿತು. ರೋಬೋಟಿಗೆ ಹಚ್ಚಬಹುದು. ಮುಖವೇ ಇಲ್ಲದ ಮುಖವಾಡಕ್ಕೆ ಹಚ್ಚಬಹುದು. ನನಗಿಲ್ಲ, ಕಾಗದದ ಮೇಲೂ ಇಲ್ಲ.

"ಬೇಕಂತ ಬಿಟ್ಟಿಲ್ಲ ಶೈಲಾ," ಅತ್ತೆ ಕೊನೆಗೆ ಬಾಯಿ ಬಿಟ್ಟರು. "ನಾಕೂ ಹಚ್ಚಕೋತ ಬಂದೆ. ಅಲ್ಲಿ ಬಂದ ಕೂಡ್ಲೆ ಕೈ ಮುಂದ ಹೋಗಲಿಲ್ಲ. ನಾ ಏನೂ ವಿಚಾರ ಮಾಡಿಲ್ಲವಾ. ಖರೇನ ಏನೂ ಮಾಡಿಲ್ಲ."

ನಾನು ನಂಬಿದೆ. ಅದೇ ನನ್ನನ್ನು ಇನ್ನೂ ಹೆಚ್ಚು ಹೆದರಿಸಿತು. ವಿಚಾರ ಮಾಡಿ ಬಿಟ್ಟಿದ್ದರೆ ಜಗಳ ಆಡಬಹುದಿತ್ತು. ವಿಚಾರವನ್ನೇ ಮಾಡದೆ ನಿಂತ ಕೈಯ ಜೊತೆ ಏನೆಂದು ಜಗಳ ಆಡುವುದು?

ಇನ್ನೊಂದು ಹೇಳುತ್ತೇನೆ. ನಾನು ಕಾಲೇಜಿಗೆ ಪಾಠ ಮಾಡಲು ಹೋಗುವಾಗ ಹಣೆಗೆ ಸಣ್ಣದೊಂದು ಕರಿ ಟಿಕಳಿ ಹಚ್ಚಿಕೊಳ್ಳುತ್ತೇನೆ. ಪಾಕೀಟು ಮುಗಿಯುತ್ತ ಬಂದರೆ ನಮ್ಮತ್ತೆಯೇ ಪೇಟೆಯಿಂದ ಹೊಸದು ತಂದು ಕನ್ನಡಿಯ ಹತ್ತಿರ ಇಡುತ್ತಾರೆ. ಮೊಮ್ಮಗಳಿಗೆ ಕೆಂಪು, ನನಗೆ ಕರಿ. ಎಷ್ಟು ಪ್ರೀತಿ ಎಂದುಕೊಂಡಿದ್ದೆ. ಈಗಲೂ ಪ್ರೀತಿಯೇ ಅನ್ನುತ್ತೇನೆ. ಆದರೆ ಇಷ್ಟು ವರ್ಷದಲ್ಲಿ ಒಂದು ದಿನವಾದರೂ ತಪ್ಪಿ ಒಂದು ಕೆಂಪು ಪಾಕೀಟು ನನ್ನ ಕಡೆ ಬರಬೇಕಿತ್ತಲ್ಲ? ಹೋಗಲಿ, ಮಗಳ ಪಾಕೀಟು ಪಕ್ಕದಲ್ಲೇ ಇರುತ್ತದೆ. ನನ್ನ ಕೈಯಾದರೂ ಅದರ ಕಡೆ ಯಾಕೆ ಹೋಗಲಿಲ್ಲ? ಕೆಂಪು ಹಚ್ಚಬೇಡ ಎಂದು ನನಗೆ ಹೇಳಿದವರು ಯಾರು? ತಲೆ ಕೆರೆದು ಕೆರೆದು ಯೋಚಿಸಿದೆ. ಯಾರೂ ಹೇಳಿಲ್ಲ.

ಕಾಲೇಜಿನಲ್ಲಿ ಮಹಿಳಾ ದಿನಾಚರಣೆಗೆ ಭಾಷಣ ಮಾಡುವವಳು ನಾನು. ಮೈಕ್ ಹಿಡಿದರೆ ಬಿಡುವವಳಲ್ಲ. ಯಾರೂ ಹೇಳದ ಮಾತನ್ನು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಪಾಲಿಸುತ್ತ ಬಂದಿದ್ದೇನೆ. ಇದಕ್ಕಿಂತ ದೊಡ್ಡ ಶಾಕ್ ಬೇಕೇ?

ಅತ್ತೆ ಕರಡಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟರು. "ತಗೋ, ಅದಕ್ಕೂ ನೀನ ಹಚ್ಚವಾ."

"ಬ್ಯಾಡ," ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಕೇಳಬೇಡಿ. ಹಾಳೆಯ ಮೇಲೆ ಒಂದು ಬೊಟ್ಟು ಇಟ್ಟು, ಮೂವರೂ ಮೂಗು ಒರೆಸಿಕೊಂಡು, ಎಲ್ಲ ಸರಿಹೋಯಿತು ಎಂದು ಚಹಾ ಕುಡಿಯುವುದು ನನಗೆ ಬೇಕಾಗಿರಲಿಲ್ಲ.

ಹೊಸದಾಗಿ ಬಿಡಿಸಲು ಹೊತ್ತಿರಲಿಲ್ಲ. ಕಳಿಸದಿದ್ದರೆ ಬ್ರೆಜಿಲಿನ ಹುಡುಗ ಗೆದ್ದ. ಸ್ನೇಹಾ ಐದೂ ಹಾಳೆ ಎತ್ತಿಕೊಂಡಳು. "ಹೆಂಗದಾವೋ ಹಂಗ ಕಳಸ್ತೇನಿ," ಎಂದವಳೇ ಕೆಫೆಗೆ ನಡೆದಳು. ನಾನು, ಅತ್ತೆ ರೊಟ್ಟಿ ಬಡಿಯಲು ಕೂತೆವು.

ಶನಿವಾರ ಉತ್ತರ ಬಂತು. ನಾನು ಪೇಪರ್ ತಿದ್ದುತ್ತ ಕೂತಿದ್ದೆ. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಸ್ನೇಹಾ ಕೆಫೆಯಿಂದ ಬಂದು ನಮ್ಮಿಬ್ಬರ ನಡುವೆ ಕೂತಳು.

"ತಂಡ ಪಾಸಾತು," ಅಂದಳು. "ಐದೂ ಕಥಿಯೊಳಗ ಬರ್ತಾವು. ಕೆನಡಾದಾವಗ ಭಾಳ ಸೇರ್ಯಾವ."

"ಛಲೋ ಆತಲ್ಲ," ಎಂದೆ. ಅವಳ ಮುಖ ಮಾತ್ರ ಪಾಸಾದವರ ಮುಖದಂತಿರಲಿಲ್ಲ.

"ಹಣಿ ಮ್ಯಾಲಿನ ಕೆಂಪು ಗುರುತಿನೊಳಗನ ಅವರ ಶಕ್ತಿ ಇರ್ತೈತಿ ಅಂತ ತಿಳಕೊಂಡಾನ ಅವ. ಭಾರಿ ಐಡಿಯಾ ಅಂತ ಬರದಾನ." ಅವಳು ಒಮ್ಮೆ ಅಜ್ಜಿಯನ್ನು ನೋಡಿದಳು, ಒಮ್ಮೆ ನನ್ನನ್ನು. "ಮತ್ತ ಕೇಳ್ಯಾನ, ಐದನೇದಾಕಿ ಗುರುತು ಯಾರು ಕಸಗೊಂಡ್ರು ಅಂತ. ಕಸಗೊಂಡ ವಿಲನ್‌ನ ಡಿಸೈನೂ ನೀನ ಮಾಡಿ ಕಳಸು, ಮುಂದಿನ ಕಥಿ ಅಂವಂದ ಅಂದಾನ."

ನಾನು ಕೈಯಲ್ಲಿದ್ದ ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. ನಮ್ಮ ಊರನ್ನು ನಕಾಶೆಯಲ್ಲೂ ನೋಡದವನು, ನಮ್ಮ ಪದ್ಧತಿಯ ಗಂಧಗಾಳಿ ಇಲ್ಲದವನು, ಚಿತ್ರ ನೋಡಿ ಒಂದೇ ಏಟಿಗೆ ಕೇಳಿಬಿಟ್ಟ. ಇಷ್ಟು ವರ್ಷ ಕನ್ನಡಿ ನೋಡಿಯೂ ನಾನು ಕೇಳಿಕೊಂಡಿರಲಿಲ್ಲ.

ಜೋಳ ಕೇರುವ ಸದ್ದು ನಿಂತಿತು. ಅತ್ತೆ ತಲೆ ಎತ್ತಲಿಲ್ಲ.

"ಅಂವಗ ನನ್ನ ಮುಖಾನ ತಗಿಯವಾ," ಅಂದರು.

"ಹಂಗನಬ್ಯಾಡ್ರಿ," ಎಂದು ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. "ನಿಮ್ಮದಲ್ಲರಿ ಅತ್ತಿಯವರ. ಅಷ್ಟು ನನಗ ಗೊತ್ತೈತಿ."

"ಮತ್ತ ಯಾರದು?"

ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಎಣಿಸಿ ನೋಡಿದೆ. ಅತ್ತೆಯದಲ್ಲ, ನನ್ನನ್ನು ಹೊಸ್ತಿಲು ದಾಟಿಸಿದವರು ಅವರು. ಮಾವನದಲ್ಲ, ಸೊಸೆಯ ಹಣೆಯಲ್ಲಿ ಏನಿದೆ, ಏನಿಲ್ಲ ಎಂದು ಅವರು ಯಾವತ್ತೂ ನೋಡಿದವರಲ್ಲ. ನನ್ನದೇ ಇರಬಹುದೇ? ಇದ್ದರೂ ಪೂರ್ತಿ ನನ್ನದಲ್ಲ.

ಸ್ನೇಹಾ ವಿಲನ್‌ನ ಚಿತ್ರ ಶುರು ಮಾಡಿದ್ದಾಳೆ. ಬೂಟು ಆಗಿದೆ. ಕೈಗವಸು ಆಗಿದೆ. ನೆಲಕ್ಕೆ ತಾಗುವ ಕಪ್ಪು ನಿಲುವಂಗಿ ಬಹಳ ಚೆನ್ನಾಗಿ ಬಂದಿದೆ. ಕುತ್ತಿಗೆಯ ತನಕ ಬಂದು ಪೆನ್ಸಿಲ್ ನಿಂತಿದೆ, ಮುಖದ ಜಾಗ ಖಾಲಿ ಬಿಟ್ಟುಕೊಂಡು ಅವಳು ದಿನಾ ನಮ್ಮಿಬ್ಬರನ್ನೂ ಕೇಳುತ್ತಾಳೆ.

ನಿಮ್ಮ ಮನೆಯಲ್ಲಿ ಅವನ ಮುಖ ನೋಡಿದವರು ಯಾರಾದರೂ ಇದ್ದೀರಾ?